ಅವರು ನೋಡದ ಸಾಲು

ಅವರು ತೀರಿಕೊಂಡ ಸುದ್ದಿ ಬಂದದ್ದು ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ. ನಮ್ಮ ಓನರು ಅವರದೊಂದು ಹಳೆಯ ಫೋಟೊ ಹಾಕಿ, ಕೆಳಗೆ ‘ಭಾವಪೂರ್ಣ ಶ್ರದ್ದಾಂಜಲಿ’ ಎಂದು ಬರೆದಿದ್ದರು. ಕೊಡಬೇಕಾದ್ದು ಧಕಾರದ ಒತ್ತು, ಕೊಟ್ಟದ್ದು ದಕಾರದ ಒತ್ತು. ಅದನ್ನೇ ಒಬ್ಬರಾದ ಮೇಲೊಬ್ಬರು ಕಾಪಿ ಮಾಡಿ ಹಾಕುತ್ತ ಹೋದರು. ಬದುಕಿದ್ದಷ್ಟು ಕಾಲ ಆ ಒತ್ತಿಗಾಗಿ ಜಗಳ ಕಾದ ಮನುಷ್ಯನಿಗೆ ಸಾಲುಸಾಲಾಗಿ ಅದೇ ತಪ್ಪು. ನಾನಾದರೂ ಸರಿಯಾಗಿ ಬರೆಯೋಣವೆಂದು ಟೈಪು ಮಾಡಿದೆ, ಅಳಿಸಿದೆ, ಮತ್ತೆ ಟೈಪು ಮಾಡಿದೆ. ಕೊನೆಗೆ ಏನೂ ಹಾಕದೆ ಫೋನು ಮಗುಚಿಟ್ಟೆ. ಆ ಗುಂಪಿನಲ್ಲಿ ಅವರಿಗೆ ಶ್ರದ್ಧಾಂಜಲಿ ಹೇಳುವ ಯೋಗ್ಯತೆ ಎಲ್ಲರಿಗಿಂತ ಕಡಿಮೆ ಇದ್ದವಳು ನಾನೇ.

ನಾವು ಅವರನ್ನು ಪ್ರೂಫಣ್ಣ ಎನ್ನುತ್ತಿದ್ದೆವು. ಶ್ರೀರಂಗಪಟ್ಟಣದ ಒಂದು ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕರಡು ತಿದ್ದಿದವರು ಅವರು. ಮದುವೆ ಕಾರ್ಡು, ತಿಥಿ ಕಾರ್ಡು, ನಾಟಕದ ಕರಪತ್ರ, ಶಾಲೆಗಳ ಪ್ರಶ್ನೆಪತ್ರಿಕೆ ಎಲ್ಲವೂ ಅವರ ಕಣ್ಣ ಕೆಳಗೆ ಹಾದು ಹೋಗಬೇಕಿತ್ತು. ಮುದ್ರಣಾಲಯ ಬಾಗಿಲು ಹಾಕಿದ ಮೇಲೆ ಅರಕೆರೆಯ ಮನೆಯಲ್ಲಿ ಸುಮ್ಮನೆ ಕೂತಿದ್ದರಂತೆ. ನಮ್ಮ ಓನರು ನಾಗಮಂಗಲದ ಕಡೆಯವರು. ಪಾಂಡವಪುರದ ಬಸ್ ನಿಲ್ದಾಣದ ಹತ್ತಿರ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಆರು ಜನರ ಸಣ್ಣ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದಾರೆ. ಅವರ ಮದುವೆ ಕಾರ್ಡಿನಲ್ಲಿ ಸೋದರಮಾವನ ಹೆಸರು ತಪ್ಪಿದ್ದನ್ನು ಹಿಡಿದು ದೊಡ್ಡ ಜಗಳವೊಂದನ್ನು ತಪ್ಪಿಸಿದವರು ಈ ಪ್ರೂಫಣ್ಣ. ಆ ನೆನಪಿಗೋ ಏನೋ, ಒಂದು ದಿನ ಅವರನ್ನು ಕರೆತಂದು ನಮ್ಮ ಮುಂದೆ ನಿಲ್ಲಿಸಿ, “ಇವ್ರು ಇನ್ಮೇಲೆ ನಮ್ಮ ಕೋಡು ಚೆಕ್ ಮಾಡ್ತಾರೆ” ಎಂದರು.

ನಾನು ಆಗ ಕೃಷ್ಣರಾಜಪೇಟೆಯಲ್ಲಿ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ ವರ್ಷ ಕೂಡ ಆಗಿರಲಿಲ್ಲ. ದಿನಾ ಅಲ್ಲಿಂದ ಪಾಂಡವಪುರಕ್ಕೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಬಿಳಿ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನು, ದಪ್ಪ ಕನ್ನಡಕದ ಈ ಹಿರಿಯರನ್ನು ನೋಡಿ ನನಗೆ ನಗು ಬಂತು. ಇವರಿಗೆ ಕೋಡು ಎಂದರೇನು ಎಂದೇ ಗೊತ್ತಿಲ್ಲ, ಏನನ್ನು ಚೆಕ್ ಮಾಡುತ್ತಾರೆ?

ನಮ್ಮ ಕಸುಬಿನಲ್ಲಿ ಬ್ರಾಂಚು ಎಂಬುದೊಂದಿದೆ. ನಡೆಯುತ್ತಿರುವ ಸಾಫ್ಟ್‌ವೇರಿನ ಮೂಲ ಪ್ರತಿಯನ್ನು ಯಾರೂ ನೇರವಾಗಿ ಮುಟ್ಟುವುದಿಲ್ಲ. ಅದರದೇ ಇನ್ನೊಂದು ಪ್ರತಿ ತೆಗೆದುಕೊಂಡು, ತಿದ್ದಬೇಕಾದ್ದನ್ನು ಅದರಲ್ಲಿ ತಿದ್ದಿ, ಸರಿಯಿದೆ ಎಂದಾದ ಮೇಲೆ ಮೂಲಕ್ಕೆ ಸೇರಿಸುತ್ತೇವೆ. ಆ ಇನ್ನೊಂದು ಪ್ರತಿಯೇ ಬ್ರಾಂಚು. ಸೇರಿಸುವ ಮೊದಲು ಎರಡನ್ನೂ ಅಕ್ಕಪಕ್ಕ ಇಟ್ಟು, ಎಲ್ಲೆಲ್ಲಿ ವ್ಯತ್ಯಾಸವಿದೆ ಎಂದು ನೋಡಬೇಕು. ತೆಗೆದುಹಾಕಿದ ಸಾಲು ಪರದೆಯ ಮೇಲೆ ಕೆಂಪಾಗಿ, ಹೊಸದಾಗಿ ಸೇರಿಸಿದ್ದು ಹಸಿರಾಗಿ ಕಾಣುತ್ತದೆ. ಬೇಜಾರಿನ ಕೆಲಸ. ನಾವೆಲ್ಲ ಮೇಲಿಂದ ಕೆಳಗೆ ಸರ್ರನೆ ಎಳೆದು ‘ಓಕೆ’ ಒತ್ತುತ್ತಿದ್ದೆವು.

ಓನರು ಅದನ್ನು ವಿವರಿಸಿದಾಗ ಪ್ರೂಫಣ್ಣ ಪರದೆಯನ್ನು ಸ್ವಲ್ಪ ಹೊತ್ತು ದಿಟ್ಟಿಸಿ, “ಇದು ಪ್ರೂಫ್ ನೋಡೋದೇ ಅಲ್ವಾ? ಎಡಗಡೆ ಕಾಪಿ, ಬಲಗಡೆ ಪ್ರೂಫು. ಬ್ಯಾರೆ ಏನೈತೆ ಇದ್ರಾಗೆ?” ಎಂದರು.

“ಆದ್ರೆ ನಿಮಗೆ ಅರ್ಥ ಆಗಲ್ಲವಲ್ಲ” ಎಂದೆ ನಾನು.

“ಅರ್ಥ ಆಗೋದು ಬ್ಯಾಡ ಕಣವ್ವ. ಅರ್ಥ ಆದ್ರೆ ಕಣ್ಣು ಮೋಸ ಮಾಡ್ತದೆ. ತಪ್ಪಿರೋದ್ನ ಮನ್ಸೇ ಸರಿ ಮಾಡ್ಕಂಡು ಓದ್ಬುಡ್ತದೆ. ಓದ್ಬಾರ್ದು, ನೋಡ್ಬೇಕು.”

ಆಮೇಲೆ ಅವರು ಕೆಲಸ ಮಾಡುವ ರೀತಿಯೇ ಆಫೀಸಿಗೆ ಒಂದು ಮೋಜಾಯಿತು. ಕೋಡು ಬರೆದವರು ಪಕ್ಕದಲ್ಲಿ ಕೂತು ಮೂಲದ ಸಾಲನ್ನು ಗಟ್ಟಿಯಾಗಿ ಓದಬೇಕು, ಅವರು ಬದಲಾದ ಸಾಲಿನ ಕೆಳಗೆ ಉಗುರಿಟ್ಟುಕೊಂಡು ನೋಡುತ್ತ ಹೋಗುತ್ತಾರೆ. ಬ್ರಾಕೆಟ್ಟು ಬಂದರೆ “ಬಾಗ್ಲು ತಗೀತು” ಎನ್ನಬೇಕು, ಮುಗಿದರೆ “ಬಾಗ್ಲು ಆಕ್ತು”. ಹೊಸದಾಗಿ ಸೇರಿದ್ದವನೊಬ್ಬ ಎರಡು ದಿನದಿಂದ ತಲೆ ಕೆಡಿಸಿಕೊಂಡಿದ್ದ ಕೋಡನ್ನು ನೋಡಿ, ಮೂರನೆಯ ನಿಮಿಷಕ್ಕೆ, “ಲೇ, ನಾಕು ಬಾಗ್ಲು ತಗ್ದಿದ್ದೀಯ, ಮೂರೇ ಆಕಿದ್ದೀಯ ಕಣ್ಲಾ. ಮನೇಗೆ ನಾಯಿ ನುಗ್ದೆ ಇನ್ನೇನಾದದು?” ಎಂದಿದ್ದರು. ಅವತ್ತಿನಿಂದ ಯಾರೂ ನಗಲಿಲ್ಲ.

ಪ್ರತಿಯೊಂದು ವ್ಯತ್ಯಾಸಕ್ಕೂ ಅವರದು ಒಂದೇ ಪ್ರಶ್ನೆ. “ಇದು ಬೇಕಂತ್ಲೆ ಮಾಡಿದ್ದಾ, ಬೆರ್ಳು ತಪ್ಪಿದ್ದಾ?” ಬೇಕೆಂದೇ ಮಾಡಿದ್ದಾದರೆ ಯಾಕೆ ಎಂದು ಹೇಳಬೇಕು. ಅವರಿಗೆ ಅರ್ಥವಾಗಲಿ ಬಿಡಲಿ, ಹೇಳುವಾಗ ನಮಗೇ ನಮ್ಮ ತಪ್ಪು ಹೊಳೆಯುತ್ತಿತ್ತು. ಎಲ್ಲ ಮುಗಿದ ಮೇಲೆ ಉದ್ದನೆಯ ನೋಟ್ ಬುಕ್ಕಿನಲ್ಲಿ ತಾರೀಕು ಹಾಕಿ, ಮುತ್ತು ಪೋಣಿಸಿದ ಹಾಗೆ ‘ನೋಡಿದೆ’ ಎಂದು ಬರೆದು ಸಹಿ ಮಾಡುತ್ತಿದ್ದರು.

ಬರೆಯುವಾಗ ಹಕಾರ ಬಿಟ್ಟುಹೋದರೆ ಅವರಿಗೆ ಎಲ್ಲಿಲ್ಲದ ಸಿಟ್ಟು. ಮಾತಾಡುವಾಗ ಮಾತ್ರ ಅವರ ಬಾಯಲ್ಲಿ ಹಕಾರವೇ ಇರಲಿಲ್ಲ. ‘ಹೊಸಹಳ್ಳಿ’ ಎಂದು ಕೆಂಪು ಪೆನ್ನಿನಲ್ಲಿ ತಿದ್ದಿ, “ಒಸಳ್ಳಿ ಅಂತ ಬರ್ದವ್ನೆ ನೋಡವ್ವ, ಮುಂಡೇದು” ಎಂದು ನನಗೆ ತೋರಿಸುತ್ತಿದ್ದರು. ನಾನು ನಕ್ಕರೆ, ಯಾಕೆ ನಗುತ್ತೇನೆಂದು ತಿಳಿಯದೆ ತಾವೂ ನಗುತ್ತಿದ್ದರು.

ಮೂವತ್ತು ವರ್ಷದಲ್ಲಿ ಒಂದೇ ಒಂದು ದೊಡ್ಡ ತಪ್ಪು ಆಗಿತ್ತು ಎನ್ನುವುದನ್ನು ಅವರೇ ಹೇಳಿಕೊಳ್ಳುತ್ತಿದ್ದರು. ಪಾಲಹಳ್ಳಿ ಕಡೆಯ ಒಂದು ಮನೆಯ ತಿಥಿ ಕಾರ್ಡು. ತೀರಿಕೊಂಡಿದ್ದು ಅಣ್ಣ, ಆಹ್ವಾನಿಸುವವನು ತಮ್ಮ. ಹೆಸರು ಅದಲುಬದಲಾಗಿ ಕಾರ್ಡು ಹಂಚಿಯೂ ಆಗಿತ್ತು. ಮರುದಿನ ತಮ್ಮನೇ ಮುದ್ರಣಾಲಯದ ಬಾಗಿಲಲ್ಲಿ ನಿಂತು, “ನಾನಿನ್ನೂ ಬದ್ಕಿವ್ನಿ ಕಣ್ರಯ್ಯಾ, ಒಸಿ ನೋಡ್ಕಳಿ!” ಎಂದು ಕೂಗಿದನಂತೆ. ಈ ಕತೆ ಹೇಳುವಾಗ ಅವರು ಎಷ್ಟು ನಗುತ್ತಿದ್ದರೆಂದರೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳಬೇಕಾಗುತ್ತಿತ್ತು. ನಕ್ಕು ಮುಗಿದ ಮೇಲೆ ಮಾತ್ರ ಮುಖ ಸಣ್ಣಗಾಗುತ್ತಿತ್ತು. “ಆ ಎಣ್ಮಗ್ಳು, ತಮ್ಮನ ಎಂಡ್ತಿ, ಕಾರ್ಡ್ ನೋಡಿ ತಲೆ ತಿರುಗಿ ಬಿದ್ಬುಟ್ಟಿದ್ಲಂತೆ. ನಗೋ ಇಸ್ಯ ಅಲ್ಲ ಅದು” ಎನ್ನುತ್ತಿದ್ದರು.

ಅವರ ಒಳ್ಳೆಯತನ ನನ್ನ ಮೇಲೆ ಬಿದ್ದದ್ದು ಅವರು ಕೆಲಸಕ್ಕೆ ಸೇರಿದ ಹೊಸತರಲ್ಲೇ. ಒಂದು ಶಾಲೆಯ ಫಲಿತಾಂಶದ ಕೋಡಿನಲ್ಲಿ ಸೊನ್ನೆ ಹಾಕಬೇಕಾದ ಕಡೆ ನಾನು ಇಂಗ್ಲಿಷಿನ ‘ಓ’ ಅಕ್ಷರ ಹಾಕಿದ್ದೆ. ಕಣ್ಣಿಗೆ ಎರಡೂ ಒಂದೇ. ಅವರು ಅದನ್ನು ಕಂಡುಹಿಡಿದರೂ ಎಲ್ಲರ ಮುಂದೆ ಬಾಯಿ ಬಿಡಲಿಲ್ಲ. ಕೆಳಗಿನ ಟೀ ಅಂಗಡಿಗೆ ಕರೆದುಕೊಂಡು ಹೋಗಿ, ಗ್ಲಾಸು ಕೈಗೆ ಕೊಟ್ಟು, “ಆ ಸೊನ್ನೆ ಒಸಿ ಒಟ್ಟೆ ದಪ್ಪ ಆಗೈತೆ. ಓಗಿ ಸರಿ ಮಾಡ್ಬುಡು. ನಾನಿನ್ನೂ ಸೈನಾಕಿಲ್ಲ” ಎಂದರು. ನನ್ನ ಕಣ್ಣು ತುಂಬಿತು. “ಅಳೋದ್ಯಾಕೆ? ಒಬ್ರ ತಪ್ಪ ಇನ್ನೊಬ್ರ ಮುಂದೆ ಓದಿ ಯೋಳ್ಬಾರ್ದು ಅಂತ ನಮ್ಮ ಪ್ರೆಸ್ ಸಾಯೇಬ್ರು ಕಲ್ಸಿದ್ರು, ಅಷ್ಟೇಯ” ಎಂದು ಬನ್ನು ಮುರಿದು ಅರ್ಧ ನನಗೆ ಕೊಟ್ಟರು.

ಮಧ್ಯಾಹ್ನದ ಊಟಕ್ಕೆ ಅವರ ಡಬ್ಬಿಯಲ್ಲಿ ತಪ್ಪದೆ ಮುದ್ದೆ, ಉಪ್ಸಾರು, ಬೇರೆ ಬಟ್ಟಲಲ್ಲಿ ಖಾರ. ಹೆಂಡತಿ ಬೆಳಿಗ್ಗೆ ಐದಕ್ಕೆ ಎದ್ದು ಮಾಡುತ್ತಾರೆ ಎಂದು ಹೇಳುವಾಗ ಅವರ ದನಿಯೇ ಬೇರೆಯಾಗುತ್ತಿತ್ತು. ಆಕೆಗೆ ಓದು ಬರಹ ಬಾರದು. ಆಕೆ ಒಲೆಯ ಮುಂದೆ ಕೂತಾಗ ಇವರು ಬಾಗಿಲಲ್ಲಿ ಕೂತು ಹಿಂದಿನ ದಿನದ ಪೇಪರನ್ನು ಮೊದಲ ಪುಟದಿಂದ ಕೊನೆಯವರೆಗೂ ಓದಿ ಹೇಳುತ್ತಾರಂತೆ, ಮದುವೆಯಾದಾಗಿನಿಂದ. “ಅವ್ಳಿಗೆ ತೀರ್ಕೊಂಡೋರ ಸುದ್ದಿ ಮೊದ್ಲು ಬೇಕು. ಆಮ್ಯಾಕೆ ಚಿನ್ನದ ರೇಟು. ರಾಜಕೀಯ ಬಂದ್ರೆ ಸಾರಿಗೆ ಒಗ್ಗರಣೆ ಆಕ್ಬುಡ್ತಾಳೆ, ನನ್ ಮಾತು ಕೇಳ್ದೆ ಇರ್ಲಿ ಅಂತ” ಎಂದು ನಗುತ್ತಿದ್ದರು.

ಇಂಥ ಮನುಷ್ಯನಿಗೆ ನಾನು ಮಾಡಿದ್ದನ್ನು ಈಗ ಹೇಳಬೇಕು.

ನಮ್ಮ ಗಿರಾಕಿಗಳಲ್ಲಿ ಕಬ್ಬು ಅರೆಯುವ ಒಂದು ಕಾರ್ಖಾನೆಯೂ ಇತ್ತು. ಹೆಸರು ಇಲ್ಲಿ ಬೇಡ, ತಪ್ಪು ಅವರದಲ್ಲ. ಯಾರ ಗದ್ದೆಯ ಕಬ್ಬು ಯಾವ ದಿನ ಕಡಿಯಬೇಕು ಎಂಬ ಸರದಿ ಪಟ್ಟಿ ನಮ್ಮ ಸಾಫ್ಟ್‌ವೇರಿನಿಂದ ಬರುತ್ತಿತ್ತು. ನಿಯಮ ಸರಳ. ಯಾರು ಮೊದಲು ನೆಟ್ಟರೋ ಅವರ ಕಬ್ಬು ಮೊದಲು ಕಡಿಯಬೇಕು. ಹಂಗಾಮು ಶುರುವಾಗುವ ಹೊತ್ತಿಗೆ ಕಾರ್ಖಾನೆಯವರು ಪಟ್ಟಿಯಲ್ಲಿ ನೆಟ್ಟ ದಿನದ ಬದಲು ನೋಂದಣಿ ಮಾಡಿಸಿದ ದಿನ ಅಚ್ಚಾಗಲಿ ಎಂದು ಕೇಳಿದರು. ಕೇಳಿದ್ದು ಅಚ್ಚಿನ ವಿಷಯ ಮಾತ್ರ, ಸರದಿ ಮೊದಲಿನಂತೆಯೇ ಇರಬೇಕಿತ್ತು. ಕೆಲಸ ನನ್ನ ಪಾಲಿಗೆ ಬಂತು. ಬ್ರಾಂಚು ಮಾಡಿಕೊಂಡು ತಿದ್ದಿದೆ. ಒಂದು ಶನಿವಾರ ಬೆಳಿಗ್ಗೆ ನಾನೂ ಪ್ರೂಫಣ್ಣನೂ ಕೂತು ಸಾಲು ಸಾಲಾಗಿ ನೋಡಿದೆವು. ಬಾಗಿಲು ತೆಗೆಯಿತು, ಬಾಗಿಲು ಹಾಕಿತು. ಎಲ್ಲ ಸರಿಯಿತ್ತು. ಅವರು ‘ನೋಡಿದೆ’ ಎಂದು ಬರೆದು ಸಹಿ ಹಾಕಿ ಟೀ ಕುಡಿಯಲು ಇಳಿದುಹೋದರು.

ಅಷ್ಟರಲ್ಲಿ ಕಾರ್ಖಾನೆಯ ಗುಮಾಸ್ತ ಫೋನು ಮಾಡಿದ. ಇನ್ನೊಂದು ಪುಟದಲ್ಲೂ ಅದೇ ಬದಲಾವಣೆ ಬೇಕಂತೆ. ಅವತ್ತು ಮಧ್ಯಾಹ್ನ ನನ್ನನ್ನು ನೋಡಲು ನಾಗಮಂಗಲದಿಂದ ಗಂಡಿನ ಮನೆಯವರು ಬರುವವರಿದ್ದರು. ಅವ್ವ ಆಗಲೇ ಎರಡು ಸಲ ಫೋನು ಮಾಡಿ, “ಬಸ್ಸು ಅತ್ತಿದ್ಯಾ?” ಎಂದು ಕೇಳಿದ್ದಳು. ನಾನು ಒಂದೊಂದೇ ಕಡೆ ಹುಡುಕಿ ತಿದ್ದುವ ಬದಲು, ‘ನೆಟ್ಟ ದಿನ’ ಎಂದಿರುವ ಕಡೆಯೆಲ್ಲ ‘ನೋಂದಣಿ ದಿನ’ ಆಗಲಿ ಎಂದು ಒಂದೇ ಏಟಿಗೆ ಬದಲಿಸಿಬಿಟ್ಟೆ. ಪಟ್ಟಿ ತೆರೆದು ನೋಡಿದೆ, ಬಂತು. ಚೆನ್ನಾಗಿಯೇ ಕಂಡಿತು. ಪ್ರೂಫಣ್ಣನನ್ನು ಕೂಗಬೇಕಿತ್ತು. ಕಿಟಕಿಯಿಂದ ಬಗ್ಗಿದರೆ ಅಂಗಡಿಯ ಬೆಂಚಿನ ಮೇಲೆ ಅವರ ಬಿಳಿ ಅಂಗಿ ಕಾಣುತ್ತಿತ್ತು. ಒಂದು ಪದ ತಾನೆ ಎಂದುಕೊಂಡೆ. ಮೂಲಕ್ಕೆ ಸೇರಿಸಿ, ಬ್ಯಾಗು ಹೆಗಲಿಗೆ ಹಾಕಿಕೊಂಡು ಓಡಿದೆ. ಮೆಟ್ಟಿಲ ಬುಡದಲ್ಲಿ ಅವರು ಎದುರಾಗಿ, “ಒಳ್ಳೇದಾಗ್ಲಿ ಕಣವ್ವ, ಗಂಡು ನಿಂಗೊಪ್ಪುದ್ರೆ ಮಾತ್ರ ಊಂ ಅನ್ನು” ಎಂದರು.

ಗಂಡು ಒಪ್ಪಿಗೆಯಾಯಿತು. ಆ ಸಂತೋಷದಲ್ಲಿ ಕಬ್ಬಿನ ಪಟ್ಟಿ ನನಗೆ ಮರೆತೇಹೋಯಿತು.

ಒಂದು ತಿಂಗಳ ಮೇಲೆ ಕೃಷ್ಣರಾಜಪೇಟೆ ಕಡೆಯ ಹಳ್ಳಿಯ ಗೌಡರೊಬ್ಬರು ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಕಾರ್ಖಾನೆಯವರು, ಪಟ್ಟಿ ಮಾಡುವವರು ಇವರೇ, ಹೋಗಿ ಕೇಳಿ ಎಂದು ಕಳಿಸಿದ್ದರು. ಭುಜದ ಮೇಲೆ ಒಂದು ಕಬ್ಬಿನ ಜಲ್ಲೆ. ಅದನ್ನು ಮೊಣಕಾಲಿಗೆ ಹಾಕಿ ಮುರಿದು, ಓನರ ಮೇಜಿನ ಮೇಲೆ ಇಟ್ಟರು. ಒಳಗೆ ರಸವಿರಲಿಲ್ಲ, ಬಿಳಿ ಬೆಂಡಿತ್ತು.

“ಸೀಪಿ ನೋಡಿ ಸಾಮಿ, ಒಂದ್ ತೊಟ್ಟು ಬತ್ತದಾ? ಊರಿಗೆಲ್ಲ ಮೊದ್ಲು ನೆಟ್ಟೋನು ನಾನು. ನಮ್ ತಾಯಿ ಆಸ್ಪತ್ರೇಲಿದ್ಲು ಅಂತ ಬರ್ಸೋದು ತಡ ಆಯ್ತು, ಅಷ್ಟೇಯ. ನನ್ ಇಂದೆ ನೆಟ್ಟೋರ್ದೆಲ್ಲ ಕಡ್ಕಂಡೋದ್ರು. ನಂದು ಊ ಬಂದು ಬೆಂಡಾಗಿ ನಿಂತದೆ. ವರ್ಸ ಪೂರ್ತಿ ಸಾಕಿದ್ನ ಇಂಗೆ ನೋಡ್ಲಾ ನಾನು?”

ಓನರು ಕಂಪ್ಯೂಟರಿನ ಮುಂದೆ ಕೂತರು. ಹಿಂದಿನ ಪ್ರತಿ, ಈಗಿನ ಪ್ರತಿ ಎರಡನ್ನೂ ಅಕ್ಕಪಕ್ಕ ತೆರೆದರು. ನಾನು ನನ್ನ ಕುರ್ಚಿಯಲ್ಲೇ ಇದ್ದೆ. ಅಲ್ಲಿಂದಲೇ ಆ ಸಾಲು ಕಂಡಿತು. ಸರದಿ ಜೋಡಿಸುವ ಜಾಗದಲ್ಲಿ ‘ನೆಟ್ಟ ದಿನ’ ಕೆಂಪಾಗಿತ್ತು, ಅದರ ಕೆಳಗೆ ‘ನೋಂದಣಿ ದಿನ’ ಹಸಿರಾಗಿತ್ತು. ಒಂದೇ ಏಟಿಗೆ ಬದಲಿಸಿದಾಗ ಅದೂ ಬದಲಾಗಿತ್ತು.

ಓನರು ನೋಟ್ ಬುಕ್ಕು ತೆಗೆಸಿದರು. ‘ನೋಡಿದೆ’ ಎಂದಿತ್ತು.

“ಪ್ರೂಫಣ್ಣ, ಇದು ನಿಮ್ಮ ಕಣ್ಣಿಗೆ ಬೀಳ್ಲಿಲ್ವಾ?”

ಅವರು ಕನ್ನಡಕ ಒರೆಸಿ ಹಾಕಿಕೊಂಡು ಪರದೆಯ ಹತ್ತಿರ ಬಗ್ಗಿದರು. ಆ ಸಾಲಿನ ಕೆಳಗೆ ಉಗುರಿಟ್ಟು ಬಹಳ ಹೊತ್ತು ನೋಡಿದರು. “ಈ ಸಾಲು... ನಾನು ನೋಡ್ದಂಗೆ ಇಲ್ವಲ್ಲ” ಎಂದರು. ಆಮೇಲೆ ನೋಟ್ ಬುಕ್ಕಿನ ತಮ್ಮ ಸಹಿಯನ್ನು ನೋಡಿದರು. ಮತ್ತೆ ಪರದೆ ನೋಡಿದರು. ಮೂಲಕ್ಕೆ ಸೇರಿಸುವಾಗ ಎಲ್ಲ ತಿದ್ದುಪಡಿಗಳೂ ಒಂದೇ ಗಂಟಾಗಿ ಸೇರುವುದು ನಮ್ಮ ಪದ್ಧತಿ. ಯಾವ ಸಾಲು ಅವರು ನೋಡುವ ಮೊದಲು ಬಂತು, ಯಾವುದು ಆಮೇಲೆ ಬಂತು ಎಂಬುದು ಅಲ್ಲಿ ಕಾಣುವುದಿಲ್ಲ. ಅದು ಕಾಣುವುದು ನನ್ನ ಬ್ರಾಂಚಿನಲ್ಲಿ ಮಾತ್ರ.

ಓನರು ನನ್ನ ಕಡೆ ತಿರುಗಿದರು. ಅವರು ಬಾಯಿ ತೆರೆಯುವ ಮೊದಲೇ ಪ್ರೂಫಣ್ಣ ನಡುವೆ ನಿಂತರು.

“ಆ ಮಗೀಗೆ ಏನೂ ಅನ್ಬ್ಯಾಡಿ. ಬರ್ಯೋರ ಕೈ ತಪ್ಪೇ ತಪ್ತದೆ. ಅದ್ಕೇ ತಾನೆ ನೋಡೋನು ಅಂತ ಒಬ್ನ ಮಡಿಕ್ಕಂಡಿರೋದು? ಸೈನು ನಂದು, ತಪ್ಪೂ ನಂದೇ. ಕಣ್ಣು ತಪ್ಪೈತೆ.”

“ಕಣ್ ಕಾಣ್ದೋರ್ನ ಯಾಕ್ರೀ ಇಂತಾ ಕೆಲ್ಸಕ್ಕೆ ಮಡಿಕ್ಕತೀರಿ?” ಎಂದರು ಗೌಡರು.

ಪ್ರೂಫಣ್ಣ ಆ ಗೌಡರ ಮುಂದೆ ಹೋಗಿ, ತಮಗಿಂತ ಹತ್ತು ವರ್ಷ ಚಿಕ್ಕವರ ಮುಂದೆ ಎರಡೂ ಕೈ ಜೋಡಿಸಿ ನಿಂತರು. “ಒಟ್ಟೆಗಾಕ್ಕೊಳಿ ಗೌಡ್ರೆ” ಎಂದರು.

ನನ್ನ ಬಾಯಲ್ಲಿ ಒಂದು ವಾಕ್ಯವಿತ್ತು. ‘ಆ ಸಾಲು ಅವರು ನೋಡಿದ ಮೇಲೆ ಬಂದದ್ದು.’ ಇಷ್ಟೇ. ಅದನ್ನು ಹೇಳಲು ನನಗೆ ಹೋಗುತ್ತಿದ್ದುದೇನು? ಕೆಲಸ ಹೋಗುತ್ತಿತ್ತೇನೋ. ಒಪ್ಪಿದ ಗಂಡಿನ ಮನೆಯವರು ‘ಕೆಲಸದಲ್ಲಿರುವ ಹುಡುಗಿ’ ಎಂದೇ ಒಪ್ಪಿದ್ದರು. ಇವೆಲ್ಲ ಆಮೇಲೆ ನಾನು ಹುಡುಕಿಕೊಂಡ ಕಾರಣಗಳು. ಆ ಗಳಿಗೆಯಲ್ಲಿ ಇದ್ದದ್ದು ಬರಿಯ ಹೆದರಿಕೆ. ಬಯ್ಯಿಸಿಕೊಳ್ಳಲು ಬೇರೊಬ್ಬರು ಎದ್ದು ನಿಂತಿದ್ದರು, ನಾನು ಕೂತೇ ಇದ್ದೆ.

ಆ ಸಂಜೆ ಮನೆಗೆ ಹೊರಡುವ ಮುಂಚೆ ನನ್ನ ಬ್ರಾಂಚನ್ನು ಅಳಿಸಿಹಾಕಿದೆ. ಕೆಲಸ ಮುಗಿದ ಬ್ರಾಂಚನ್ನು ಅಳಿಸುವುದು ಎಲ್ಲರೂ ಮಾಡುವ ಕೆಲಸವೇ, ಯಾರಾದರೂ ಕೇಳಿದರೆ ಹಾಗೆಂದೇ ಹೇಳಬಹುದಿತ್ತು. ಯಾರೂ ಕೇಳಲಿಲ್ಲ. ಬೇಕೆಂದೇ ಮಾಡಿದ್ದೋ ಬೆರಳು ತಪ್ಪಿದ್ದೋ ಎಂದು ಕೇಳುವವರು ಆಗಲೇ ಬಸ್ಸಿಗೆ ಹೋಗಿದ್ದರು.

ಸಾಲು ಸರಿಮಾಡಲು ನನಗೆ ಐದು ನಿಮಿಷ ಸಾಕಾಯಿತು. ಕಾರ್ಖಾನೆಯವರು ಗೌಡರ ಮತ್ತು ಅವರಂಥ ಇನ್ನೂ ಕೆಲವರ ಕಬ್ಬನ್ನು ಮರುದಿನವೇ ಕಡಿಸಿದರು, ಆದರೆ ಒಣಗಿದ್ದು ಒಣಗಿತ್ತು. ಪ್ರೂಫಣ್ಣ ಶ್ರೀರಂಗಪಟ್ಟಣದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದರು. ಪೊರೆ ಈಗಷ್ಟೇ ಶುರುವಾಗಿದೆ, ಓದುವುದಕ್ಕೇನೂ ತೊಂದರೆಯಿಲ್ಲ ಎಂದರಂತೆ. ಅವರು ನಂಬಲಿಲ್ಲ. “ಡಾಕ್ಟ್ರಿಗೇನು ಗೊತ್ತಾದದು? ಸಾಲು ಬುಟ್ಟಿದ್ದು ನನ್ ಕಣ್ಣು” ಎಂದರು. ಆಮೇಲೆ ಎರಡು ವಾರ ಅವರು ಕೆಲಸ ಮಾಡಿದ್ದನ್ನು ನೋಡುವುದೇ ಕಷ್ಟವಾಗಿತ್ತು. ಒಂದೇ ಸಾಲನ್ನು ಮೂರು ಮೂರು ಸಲ ಓದಿಸುವರು. ಎಲ್ಲ ಮುಗಿದ ಮೇಲೂ ಪೆನ್ನು ಹಿಡಿದು ಸಹಿ ಹಾಕದೆ ಕೂರುವರು. “ನೀನೂ ಒಂದ್ಸಲ ನೋಡ್ಬುಡವ್ವ. ನನ್ ಕಣ್ಣ ನಂಬ್ಬ್ಯಾಡ” ಎಂದು ನನ್ನನ್ನೇ ಕರೆಯುವರು. ನಾನು ಹೋಗಿ ನೋಡಿ, ಸರಿಯಿದೆ ಎನ್ನುತ್ತಿದ್ದೆ. ನಾನು ಹೇಳಿದ ಮೇಲೆ ಅವರು ಸಹಿ ಹಾಕುತ್ತಿದ್ದರು.

ಮೂರನೆಯ ವಾರ ರಾಜೀನಾಮೆ ಕೊಟ್ಟರು. ಓನರು ಒಂದು ಮಾತಿಗೂ ಬೇಡವೆನ್ನಲಿಲ್ಲ. ಶಾಲು ಹೊದಿಸಿ ಕಳಿಸಿದೆವು.

ಅವರು ಬದುಕಿದ್ದಾಗ ನಾನು ಅರಕೆರೆಗೆ ಹೋದದ್ದು ಒಂದೇ ಸಲ. ಮದುವೆಗೆ ಕರೆಯಲು. ಇವತ್ತು ಹೇಳಿಬಿಡುತ್ತೇನೆ ಎಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಜಗಲಿಯ ಮೇಲೆ ಕೂತಿದ್ದರು. ನನ್ನನ್ನು ಕಂಡು, “ಬಾ ಬಾ, ಎಷ್ಟ್ ದಿನ ಆಯ್ತು!” ಎಂದು ಎದ್ದರು. ಜೇಬಿನಲ್ಲಿ ಪೆನ್ನಿರಲಿಲ್ಲ.

ಕಾರ್ಡು ಇನ್ನೂ ಅಚ್ಚಿಗೆ ಹೋಗಿರಲಿಲ್ಲ. ಅದರ ಕರಡನ್ನು ಬ್ಯಾಗಿನಿಂದ ತೆಗೆದು, “ನೀವೇ ನೋಡಿಕೊಡಬೇಕು ಅಂತ ತಂದೆ” ಎಂದೆ. ಮಾತು ಶುರುಮಾಡಲು ಅದೊಂದು ನೆಪವೂ ಆಗಿತ್ತು.

ಅವರು ಎರಡೂ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. “ನನ್ ಕೈಗೆ ಕೊಡ್ಬ್ಯಾಡ ಕಣವ್ವ. ಸುಭಕಾರ್ಯ. ಏನಾರ ಬುಟ್ಬುಟ್ರೆ ಎಂಗೆ? ಬ್ಯಾರೆ ಯಾರ ಕೈಲಾರ ತೋರ್ಸು.”

“ನಿಮ್ಮ ಕಣ್ಣಿಗೆ ಏನೂ ಆಗಿಲ್ಲ...” ಎಂದೆ.

“ಅಂಗನ್ನೋದು ನಿನ್ ಒಳ್ಳೇತನ” ಎಂದರು ಅವರು. ನನ್ನ ತಲೆಯ ಮೇಲೆ ಕೈಯಿಟ್ಟರು.

ಆ ಕೈಯ ಕೆಳಗೆ ನನಗೆ ಹೇಳಲಾಗಲಿಲ್ಲ. ಅವರ ಹೆಂಡತಿ ತಂದ ಕಾಫಿ ಕುಡಿದು, ಕುಂಕುಮ ಇಡಿಸಿಕೊಂಡು ಬಂದುಬಿಟ್ಟೆ. ಮದುವೆಗೆ ಇಬ್ಬರೂ ಬಂದಿದ್ದರು. ಊಟದ ಸಾಲಿನಲ್ಲಿ ನಿಂತ ಅವರನ್ನು ನಾನು ವೇದಿಕೆಯಿಂದ ನೋಡಿದೆ, ಮಾತಾಡಲು ಸಿಗಲಿಲ್ಲ. ಆಮೇಲೆ ನಾಗಮಂಗಲದ ಗಂಡನ ಮನೆ, ಅಲ್ಲಿಂದ ಆಫೀಸಿಗೆ ಓಡಾಟ, ಸಂಸಾರ, ಮಗು. ಹೋಗಬೇಕು, ಹೇಳಬೇಕು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಹೀಗೆ ಎಂದುಕೊಳ್ಳುವುದರಲ್ಲಿ ಒಂದು ನೆಮ್ಮದಿ ಇತ್ತು. ಹೇಳುವ ಮನಸ್ಸಿರುವವಳು ಕೆಟ್ಟವಳಲ್ಲ ಎಂಬ ನೆಮ್ಮದಿ. ಅವರು ಸತ್ತದ್ದರಿಂದ ಅದು ಹೋಯಿತು.

ಸುದ್ದಿ ಬಂದ ಮರುದಿನ ಮೊದಲು ಓನರಿಗೆ ಹೇಳಿದೆ. ಅವರು, “ಈಗ್ಯಾಕಮ್ಮ ಅದೆಲ್ಲ? ಆಗಿದ್ದು ಆಗೋಯ್ತು, ಬುಡು” ಎಂದರು. ಅವರು ಬಯ್ದಿದ್ದರೆ ಹಗುರಾಗುತ್ತಿತ್ತೇನೋ.

ತಿಥಿ ಮುಗಿದ ಎರಡು ದಿನಕ್ಕೆ ಅರಕೆರೆಗೆ ಹೋದೆ. ಮನೆಯಲ್ಲಿ ಅವರ ಹೆಂಡತಿ ಒಬ್ಬರೇ ಇದ್ದರು. ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದರು. ನಾನೂ ಎದುರಿಗೆ ಕೂತು ಕಾಯಿ ಕೈಗೆತ್ತಿಕೊಂಡೆ. ಕೊನೆಯ ದಿನಗಳ ಬಗ್ಗೆ ತಾವಾಗಿಯೇ ಹೇಳಿದರು. ಎದೆನೋವು ಬಂದದ್ದು, ಆಟೊ ಹಿಡಿದು ಶ್ರೀರಂಗಪಟ್ಟಣ ತಲುಪುವಷ್ಟರಲ್ಲಿ ಮುಗಿದುಹೋದದ್ದು.

“ಕೆಲ್ಸ ಬುಟ್ಟು ಬಂದ್ಮೇಲೆ ಅವ್ರು ಅವ್ರಾಗಿರ್ನಿಲ್ಲ ಕಣವ್ವ” ಎಂದರು. “ಪೇಪರ್ ತರ್ಸೋದ್ನೇ ನಿಲ್ಸ್‌ಬುಟ್ರು. ಓದಿ ಅಂದ್ರೆ, ‘ತಪ್ಪು ಓದ್ಬುಟ್ರೆ?’ ಅನ್ನೋರು. ಮಾತ್ರೆ ಚೀಟಿ ಓದಾಕೂ ಎದುರ್ಕೊಂಡು ನನ್ನ ಪಕ್ಕದ ಮನೇಗೆ ಓಡ್ಸೋರು. ಓದು ಬರ್ದೋಳು ನಾನು, ನಂಗೆ ಅವ್ರೇ ಕಣ್ಣಾಗಿದ್ರು. ಒಂದಿನ ತಡೀನಾರ್ದೆ ‘ನಾನೂ ಕುರುಡಿ, ನೀನೂ ಕುರುಡನೇ ಆಗೋದೆ ಬುಡು’ ಅಂದ್ಬುಟ್ಟೆ. ಆಮ್ಯಾಕೆ ಎರಡ್ ದಿನ ಮಾತಾಡ್ನಿಲ್ಲ.”

ನಾನು ಹೇಳಿದೆ. ಬ್ರಾಂಚು, ಮೂಲ ಪ್ರತಿ ಎಂದೆಲ್ಲ ಏನೂ ಹೇಳಲಿಲ್ಲ. ಅವರು ನೋಡಿ ಸಹಿ ಹಾಕಿ ಹೋದ ಮೇಲೆ ನಾನು ಒಂದು ಪದ ಬದಲಿಸಿದೆ, ಅದೇ ತಪ್ಪಾಯಿತು, ಅವರ ಕಣ್ಣ ಮುಂದೆ ಆ ಪದ ಬಂದೇ ಇರಲಿಲ್ಲ, ಗೌಡರ ಮುಂದೆ ಅವರು ಕೈ ಮುಗಿದಾಗ ನಾನು ಅಲ್ಲೇ ಕೂತಿದ್ದೆ, ಆಮೇಲೆ ಗುರುತನ್ನೂ ಅಳಿಸಿದೆ ಎಂದೆ.

ಅವರ ಕೈ ನಿಂತಿತು. “ಅಂಗಾರೆ ಕಣ್ಣು ಸರ್ಯಾಗೇ ಇತ್ತಾ?”

“ಇತ್ತಮ್ಮ.”

“ಒಂದೂ ಬುಟ್ಟಿರ್ನಿಲ್ವಾ?”

“ಒಂದೂ ಬಿಟ್ಟಿರಲಿಲ್ಲ.”

ಅವರು ಅಳಲಿಲ್ಲ. ಮೊರವನ್ನು ಪಕ್ಕಕ್ಕೆ ಸರಿಸಿ ಗೋಡೆಗೆ ಒರಗಿ ಕೂತರು.

“ಇದ್ನ ಅವ್ರಿಗೆ ಯೋಳ್ಬೇಕಿತ್ತು. ಒಂದ್ ಮಾತು. ನಂಗ್ಯಾಕೆ ಯೋಳ್ದೆ? ನಾನೀಗ ಇದ್ನ ಯಾರಿಗ್ ಯೋಳ್ಳಿ?”

ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಸೇದಿಕೊಂಡರು. ಹೊರಡೋಣವೆಂದು ಎದ್ದೆ.

“ಕೂತ್ಕೊ. ಈ ಮನೇಯಿಂದ ಯಾರೂ ಅಸ್ಕೊಂಡು ಓಗಿಲ್ಲ. ಉಂಡ್ಕಂಡು ಓಗು.” ಅಡುಗೆಮನೆಯ ಬಾಗಿಲಲ್ಲಿ ನಿಂತು, ನನ್ನ ಕಡೆ ತಿರುಗದೆಯೇ ಹೇಳಿದರು, “ಇನ್ ಬರ್ಬ್ಯಾಡ.”

ತಟ್ಟೆಯಲ್ಲಿ ಮುದ್ದೆ ಇಟ್ಟು ಅವರೆಕಾಳಿನ ಸಾರು ಬಡಿಸಿದರು. ನಾನು ಉಂಡೆ. ಬೇಕೇ ಎಂದು ಕೇಳದೆ ಇನ್ನೊಂದು ಸೌಟು ಹಾಕಿದರು, ಅದನ್ನೂ ಉಂಡೆ. ಕೈ ತೊಳೆದು ಬರುವಷ್ಟರಲ್ಲಿ ಅವರು ಮತ್ತೆ ಮೊರದ ಮುಂದೆ ಕೂತಿದ್ದರು. ನಾನು ಸುಲಿದಿಟ್ಟಿದ್ದ ಕಾಳನ್ನು ಬೇರೆಯಾಗಿ ಒಂದು ಬದಿಗೆ ತಳ್ಳಿ, ತಮ್ಮ ಕಾಯನ್ನು ತಾವು ಸುಲಿಯುತ್ತಿದ್ದರು.